ಭೌತಚಿಕಿತ್ಸೆಯ ವಿದ್ಯಾದಾನ

ದಾನಗಳಲ್ಲಿ ವಿದ್ಯಾದಾನವು ಹಿರಿದೆಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. ಅನ್ನ, ಅಕ್ಷರ, ಆರೋಗ್ಯಗಳನ್ನು ಒಂದೇ ಪಂಕ್ತಿಯಲ್ಲಿರಿಸಿ ದಾಸೋಹವೆಂದು ಕರೆದ ಪರಂಪರೆ ನಮ್ಮದು. ಆದರೂ ಅಕ್ಷರದ ದಾಸೋಹವೆಂದರೆ ಪಾಠಶಾಲೆ, ಆರೋಗ್ಯದ ದಾಸೋಹವೆಂದರೆ ಔಷಧಾಲಯ ಎಂದು ಎರಡನ್ನೂ ಬೇರೆಬೇರೆಯಾಗಿ ಎಣಿಸುವುದೇ ವಾಡಿಕೆ. ಇವೆರಡೂ ಬೇರ್ಪಡಿಸಲಾರದಂತೆ ಒಂದಾಗಿರುವ ವೈದ್ಯಶಾಖೆಯೊಂದುಂಟು. ಅದೇ ಭೌತಚಿಕಿತ್ಸೆ, ಅಂದರೆ ಫಿಸಿಯೋಥೆರಪಿ. ಈ ಚಿಕಿತ್ಸೆಯಲ್ಲಿ ಸೀಸೆಯಲ್ಲಿ ತುಂಬಿ ಕೊಡುವ ಔಷಧವಿಲ್ಲ. ಯಾವ ಕೀಲನ್ನು ಎಷ್ಟು ಬಾಗಿಸಬೇಕು, ಯಾವ ಸ್ನಾಯುವಿಗೆ ಎಷ್ಟು ಹೊತ್ತು ಕೆಲಸ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆಯೇ ಇಲ್ಲಿ ಔಷಧ. ಚಿಕಿತ್ಸಕನು ರೋಗಿಯೊಡನೆ ಕಳೆಯುವುದು ದಿನಕ್ಕೆ ಅರ್ಧ ಗಂಟೆಯಾದರೆ, ಉಳಿದ ಹೊತ್ತಿನ ಚಿಕಿತ್ಸೆಯನ್ನು ರೋಗಿಯ ಕೈಗಳೇ, ಇಲ್ಲವೆ ಆತನ ಮನೆಯವರ ಕೈಗಳೇ ನಡೆಸಬೇಕಾಗುತ್ತದೆ. ಆದುದರಿಂದ ಭೌತಚಿಕಿತ್ಸೆಯನ್ನು ದಾನ ಮಾಡುವುದೆಂದರೆ ಅದನ್ನು ಕಲಿಸುವುದೆಂದೇ ಅರ್ಥ.

ಈ ಕಲಿಸುವ ಕಾರ್ಯವನ್ನು ಲೋಕದ ಎಲ್ಲ ದೇಶಗಳಿಗೂ ತೆರೆದಿಟ್ಟ ಧರ್ಮಸಂಸ್ಥೆಯೊಂದು 2020ರ ಸಂಕಟದ ವರ್ಷದಲ್ಲಿ ನಡೆಸಿದ ಸೇವೆಯನ್ನೂ, ಆ ಸೇವೆಗೆ ಹಿನ್ನೆಲೆಯಾಗಿ ನಮ್ಮ ನಾಡಿನಲ್ಲಿಯೇ ಹರಿದುಬಂದ ಧಾರೆಯನ್ನೂ ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ವಿಷಯವನ್ನು ದೂರದಿಂದ ತರಬೇಕಾಗಿಲ್ಲ. ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ನಗರದ ಕಡೆಗೆ ಕೆಲವೇ ಕಿಲೋಮೀಟರ್ ಸಾಗಿದರೆ ಸುಮನಹಳ್ಳಿ ಸಿಗುತ್ತದೆ. ಇಂದು ಆ ಹೆಸರು ಕೇಳಿದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವುದು ಮೇಲ್ಸೇತುವೆ ಮತ್ತು ಅದರ ಕೆಳಗಿನ ವಾಹನಗಳ ಸಂದಣಿ. ಆ ಹೆಸರು ಬಂದದ್ದಾದರೋ 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಅಲ್ಲಿ ಸ್ಥಾಪಿತವಾದ ಸೇವಾಸಂಸ್ಥೆಯಿಂದ. ಊರಿನಿಂದ ದೂರವಿರಲೆಂದು ಆರಿಸಿದ ಸ್ಥಳವನ್ನು ಊರೇ ಬೆಳೆದು ಬಂದು ತಬ್ಬಿಕೊಂಡಿತೆಂಬುದು ಬೆಂಗಳೂರಿನ ವಿಚಿತ್ರಗಳಲ್ಲೊಂದು.

ಕುಷ್ಠರೋಗದ ಕೈಯೊಂದನ್ನು ನೋಡಿದರೆ ಭೌತಚಿಕಿತ್ಸೆಯ ಮರ್ಮ ತಿಳಿಯುತ್ತದೆ. ಈ ರೋಗದ ಕ್ರಿಮಿ ಚರ್ಮವನ್ನಷ್ಟೇ ಅಲ್ಲದೆ ನರಗಳನ್ನೂ ಹಿಡಿಯುತ್ತದೆ. ಮೊಳಕೈಯ ಒಳಬದಿಯಲ್ಲಿ ಎಲುಬಿಗೆ ಒತ್ತಿಕೊಂಡು ಸಾಗುವ ನರವೊಂದು ಊದಿ ಕೆಟ್ಟಾಗ, ಅಂಗೈಯೊಳಗಿನ ಪುಟ್ಟ ಸ್ನಾಯುಗಳು ಬಲಗುಂದಿ, ಕಿರುಬೆರಳೂ ಉಂಗುರಬೆರಳೂ ಕೊಕ್ಕೆಯಂತೆ ಬಾಗುತ್ತವೆ. ಮೊದಮೊದಲು ಈ ಬಾಗು ಸಡಿಲವಾದದ್ದು, ಇನ್ನೊಂದು ಕೈಯಿಂದ ನೇರಗೊಳಿಸಬಹುದಾದದ್ದು. ಆದರೆ ದಿನವೂ ನೇರಗೊಳಿಸದೆ ಬಿಟ್ಟರೆ ಚರ್ಮವೂ ಕೀಲಿನ ಹೊದಿಕೆಯೂ ಕುಗ್ಗಿ, ಬೆರಳು ಆ ಭಂಗಿಯಲ್ಲಿಯೇ ಸೆಟೆದುಕೊಳ್ಳುತ್ತದೆ. ಜೊತೆಗೆ ಸ್ಪರ್ಶಜ್ಞಾನವೂ ಹೋಗಿರುವುದರಿಂದ ಸುಟ್ಟರೂ ಕುಯ್ದರೂ ನೋವಿಲ್ಲ. ನೋವಿಲ್ಲದ ಗಾಯವನ್ನು ಯಾರೂ ಆರೈಕೆ ಮಾಡುವುದಿಲ್ಲ. ಕುಷ್ಠವು ಬೆರಳುಗಳನ್ನು ತಿಂದುಹಾಕುತ್ತದೆಂಬ ನಂಬಿಕೆ ತಪ್ಪು. ಬೆರಳುಗಳನ್ನು ಕಳೆಯುವುದು ಆರೈಕೆಯಿಲ್ಲದ ಗಾಯ. ಈಗ ಬಹುಔಷಧ ಚಿಕಿತ್ಸೆಯಿಂದ ಕ್ರಿಮಿಯನ್ನು ಸಂಪೂರ್ಣವಾಗಿ ಕೊಲ್ಲಬಹುದು. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಅದನ್ನು ಶಿಫಾರಸು ಮಾಡಿತು. ಆದರೆ ಸತ್ತ ಕ್ರಿಮಿ ಕೆಟ್ಟ ನರವನ್ನು ಹಿಂದಿರುಗಿಸುವುದಿಲ್ಲ. ಮಾತ್ರೆ ಮುಗಿದ ದಿನ ವೈದ್ಯನ ಕೆಲಸ ಮುಗಿಯುತ್ತದೆ. ಕೈಯ ಕೆಲಸ ಜೀವಮಾನವಿಡೀ ಉಳಿಯುತ್ತದೆ.

ಈ ಕೈಯನ್ನು ತಿದ್ದಬಹುದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು ದಕ್ಷಿಣ ಭಾರತವೇ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಕೈಗಳ ಮೇಲೆ ಸ್ನಾಯುರಜ್ಜು ವರ್ಗಾವಣೆಯ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಸುಸ್ಥಿತಿಯಲ್ಲಿರುವ ಒಂದು ಸ್ನಾಯುವಿನ ರಜ್ಜುವನ್ನು ಅದರ ಸ್ಥಾನದಿಂದ ಬಿಡಿಸಿ, ಬಲವಿಲ್ಲದ ಬೆರಳುಗಳಿಗೆ ಜೋಡಿಸುವುದೇ ಈ ಕ್ರಮ. ಇಲ್ಲೊಂದು ಸೂಕ್ಷ್ಮವಿದೆ. ಇಷ್ಟು ಕಾಲ ಮಣಿಕಟ್ಟನ್ನು ಎತ್ತುತ್ತಿದ್ದ ಸ್ನಾಯು ಇನ್ನು ಮೇಲೆ ಬೆರಳಿನ ಕೆಲಸ ಮಾಡಬೇಕು. ಆ ಹೊಸ ಕಸುಬನ್ನು ಅದಕ್ಕೆ ಯಾರು ಕಲಿಸಬೇಕು? ಸುಮಾರು ಮೂರು ವಾರ ಕಟ್ಟಿನಲ್ಲಿದ್ದು ಹೊರಬಂದ ಕೈಗೆ ದಿನದಿನವೂ ಪಾಠ ಹೇಳುವ ಭೌತಚಿಕಿತ್ಸಕನಿಲ್ಲದಿದ್ದರೆ ಅತಿ ಕುಶಲವಾದ ಶಸ್ತ್ರಕ್ರಿಯೆಯೂ ವ್ಯರ್ಥವೇ. ಶಸ್ತ್ರಕ್ರಿಯೆಗೆ ಮುನ್ನವೂ ಬೆರಳುಗಳನ್ನು ಎಣ್ಣೆ ಸವರಿ, ನೀವಿ, ಮೆತ್ತಗಾಗಿಸಿ ಸಿದ್ಧಪಡಿಸಬೇಕು. ಆದುದರಿಂದಲೇ ವೆಲ್ಲೂರಿನಲ್ಲಿಯೂ, ಸಮೀಪದ ಕರಿಗಿರಿಯಲ್ಲಿ 1955ರಲ್ಲಿ ಆರಂಭವಾದ ಕುಷ್ಠರೋಗ ಕೇಂದ್ರದಲ್ಲಿಯೂ ಶಸ್ತ್ರಚಿಕಿತ್ಸೆಯೊಡನೆ ತರಬೇತಿಯೂ ಬೆಳೆಯಿತು. ಅಲ್ಲಿ ಕಲಿತವರು ನಮ್ಮ ದೇಶದ ನಾನಾ ಪ್ರಾಂತಗಳಿಗಲ್ಲದೆ ಪರದೇಶಗಳಿಗೂ ಹೋಗಿ ಅದನ್ನೇ ಕಲಿಸಿದರು.

ಭೌತಚಿಕಿತ್ಸೆ ಒಂದು ಶಾಸ್ತ್ರೀಯ ವೃತ್ತಿಯಾಗಿ ರೂಪುಗೊಂಡದ್ದು ಬಹುಮಟ್ಟಿಗೆ ಎರಡು ಮಹಾಯುದ್ಧಗಳ ಗಾಯಾಳುಗಳಿಂದಲೂ ಪೋಲಿಯೋ ಪಿಡುಗಿನಿಂದಲೂ. ನಾನಾ ದೇಶಗಳ ಭೌತಚಿಕಿತ್ಸಕರ ವಿಶ್ವಸಂಘಟನೆ 1951ರ ಸೆಪ್ಟೆಂಬರ್ 8ರಂದು ಸ್ಥಾಪಿತವಾಯಿತು. ಆ ದಿನವನ್ನು 1996ರಿಂದ ವಿಶ್ವ ಭೌತಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತಿದೆ. ನಮ್ಮ ದೇಶದ ಮೊದಲ ಭೌತಚಿಕಿತ್ಸಾ ಶಾಲೆ 1950ರ ದಶಕದ ಆದಿಯಲ್ಲಿ ಮುಂಬಯಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ತೆರೆಯಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪಿತವಾದ ಮೇಲೆ ಅದರ ಆಶ್ರಯದಲ್ಲಿ ಅನೇಕ ಭೌತಚಿಕಿತ್ಸಾ ಕಾಲೇಜುಗಳು ನಡೆದುಬಂದಿವೆ.

ಹಾಗಿದ್ದರೂ ಕೊರತೆ ನೀಗಿಲ್ಲ. 2020ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಹುದಾದವರು ಲೋಕದಲ್ಲಿ ಸುಮಾರು 240 ಕೋಟಿ ಮಂದಿ, ಅಂದರೆ ಮೂವರಲ್ಲಿ ಒಬ್ಬರು. ಬೆನ್ನುನೋವಿನ ಕಾರ್ಖಾನೆ ಕೆಲಸಗಾರನಿಂದ ಹಿಡಿದು ಪಾರ್ಶ್ವವಾಯು ಬಡಿದ ವೃದ್ಧೆಯವರೆಗೆ ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ. ಆದರೆ ಅನೇಕ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಲಕ್ಷ ಜನರಿಗೆ ಹತ್ತು ಮಂದಿ ನುರಿತ ಚಿಕಿತ್ಸಕರೂ ಇಲ್ಲ. ಇರುವವರೂ ನಗರಗಳಲ್ಲಿಯೇ ನೆಲಸುವರು. ಕೇವಲ ಕಾಲೇಜುಗಳನ್ನು ಹೆಚ್ಚಿಸುವುದರಿಂದ ಈ ಅಂತರ ಮುಚ್ಚಲಾರದೆಂಬುದು ಬಹಳ ಹಿಂದೆಯೇ ಕೆಲವರಿಗೆ ಹೊಳೆದಿತ್ತು.

ಅಂಥವರಲ್ಲೊಬ್ಬರು ಡೇವಿಡ್ ವರ್ನರ್. ಸ್ವತಃ ಅಂಗವೈಕಲ್ಯವುಳ್ಳ ಇವರು ಮೆಕ್ಸಿಕೋ ದೇಶದ ಬೆಟ್ಟದ ಹಳ್ಳಿಗಳಲ್ಲಿ, ವಿಕಲಾಂಗ ಗ್ರಾಮಸ್ಥರೇ ನಡೆಸುವ ಪುನಶ್ಚೇತನ ಕೇಂದ್ರದೊಡನೆ ದುಡಿದು, ಆ ಅನುಭವದಿಂದ ಹಳ್ಳಿಯ ವಿಕಲಾಂಗ ಮಕ್ಕಳ ಬಗೆಗೆ ದೊಡ್ಡ ಗ್ರಂಥವೊಂದನ್ನು 1987ರಲ್ಲಿ ಪ್ರಕಟಿಸಿದರು. ಪುಟಪುಟದಲ್ಲಿಯೂ ರೇಖಾಚಿತ್ರಗಳು, ಬಿದಿರು, ಹಳೆಯ ಸೈಕಲ್ ಟ್ಯೂಬು, ಮರದ ತುಂಡುಗಳಿಂದ ಮಾಡಬಹುದಾದ ಸಾಧನಗಳ ವಿವರಗಳು. ಲಾಭಕ್ಕಾಗಿ ಅಲ್ಲದಿದ್ದರೆ ಯಾರು ಬೇಕಾದರೂ ಅದನ್ನು ನಕಲು ಮಾಡಿಕೊಳ್ಳಬಹುದೆಂಬ ಅನುಮತಿ ಪುಸ್ತಕದಲ್ಲಿಯೇ ಇತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ವೈದ್ಯಗ್ರಂಥಗಳೆಂದರೆ ಬೀರುವಿನಲ್ಲಿಟ್ಟು ಬೀಗ ಹಾಕುವಷ್ಟು ಬೆಲೆಯವು.

ಇಂತಹ ದಾನದಿಂದ ಏನಾಗಬಹುದೆಂಬುದಕ್ಕೆ ಸೊಟ್ಟಪಾದದ ಚಿಕಿತ್ಸೆಗಿಂತ ಒಳ್ಳೆಯ ನಿದರ್ಶನ ದೊರೆಯದು. ಸುಮಾರು ಸಾವಿರ ಶಿಶುಗಳಲ್ಲಿ ಒಂದು, ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡ ಸ್ಥಿತಿಯಲ್ಲಿ ಹುಟ್ಟುತ್ತದೆ. ಹಾಗೆಯೇ ಬಿಟ್ಟರೆ ಮಗು ಪಾದದ ಅಂಚಿನ ಮೇಲೆ, ಕೆಲವೊಮ್ಮೆ ಮೇಲ್ಭಾಗದ ಮೇಲೆಯೇ ನಡೆಯಬೇಕಾಗುತ್ತದೆ. ಹಿಂದಿನ ಕಾಲದಲ್ಲಿ ಇದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಪಾದ ನೇರವಾದರೂ ಪ್ರಾಯ ಬಂದಂತೆ ಬಿಗಿತವೂ ನೋವೂ ಉಳಿಯುತ್ತಿದ್ದವು. ಅಮೆರಿಕದ ಅಯೋವ ವಿಶ್ವವಿದ್ಯಾಲಯದಲ್ಲಿದ್ದ, ಸ್ಪೇನ್ ಮೂಲದ ಡಾ. ಇಗ್ನಾಸಿಯೋ ಪೊನ್ಸೆಟಿ ಅವರು ಬೇರೊಂದು ಮಾರ್ಗವನ್ನು ಕಂಡರು. ಎಳೆಯ ಮಗುವಿನ ಪಾದವನ್ನು ವಾರಕ್ಕೊಮ್ಮೆ ಮೆಲ್ಲನೆ ತಿದ್ದಿ ಪ್ಲಾಸ್ಟರ್ ಕಟ್ಟುವುದು. ಐದಾರು ಕಟ್ಟುಗಳಲ್ಲಿ ಪಾದ ತನ್ನ ಸ್ಥಾನಕ್ಕೆ ಬರುವುದು. ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ರಜ್ಜುವನ್ನು ಚಿಕ್ಕದಾಗಿ ಕತ್ತರಿಸಿ ಇನ್ನು ಮೂರು ವಾರ ಕಟ್ಟಿನಲ್ಲಿಡುವುದು. ಅನಂತರ ಅಡ್ಡಪಟ್ಟಿಗೆ ಜೋಡಿಸಿದ ಒಂದು ಜೊತೆ ಬೂಟುಗಳು. ಅವುಗಳನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆಯೂ, ಆಮೇಲೆ ನಾಲ್ಕು ವರ್ಷದವರೆಗೆ ನಿದ್ದೆಯ ವೇಳೆಯಲ್ಲಿಯೂ ತೊಡಿಸಬೇಕು. ಬೆಲೆ ಅಲ್ಪ, ಫಲ ಅಧಿಕ.

ಈ ಕ್ರಮ ದಶಕಗಳ ಕಾಲ ಬಹುತೇಕ ಆ ಒಂದು ಆಸ್ಪತ್ರೆಯ ಆಸ್ತಿಯಂತೆಯೇ ಉಳಿದಿತ್ತು. ಅಮೆರಿಕದ ಡಾ. ಲಿನ್ ಸ್ಟಾಹೆಲಿ ಅವರು ತಮ್ಮ ಧರ್ಮಸಂಸ್ಥೆಯ ಮೂಲಕ ಪೊನ್ಸೆಟಿ ಕ್ರಮದ ಚಿತ್ರಸಹಿತ ಕೈಪಿಡಿಯನ್ನು ಅನೇಕ ಭಾಷೆಗಳಲ್ಲಿ ಉಚಿತವಾಗಿ ಹಂಚಲಾರಂಭಿಸಿದುದು ಅದರ ಪ್ರಸಾರಕ್ಕೆ ದೊಡ್ಡ ನೆರವಾಯಿತು. ಏಷ್ಯ, ಆಫ್ರಿಕಗಳ ಜಿಲ್ಲಾ ಆಸ್ಪತ್ರೆಗಳಲ್ಲಿ ಕೂಡ ಇಂದು ಈ ಕ್ರಮ ನಡೆಯುತ್ತಿದೆ. ಆದರೆ ಅದು ಕೆಡುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಪ್ಲಾಸ್ಟರ್ ಕಟ್ಟುವಲ್ಲಿ ಅಲ್ಲ, ಬೂಟಿನಲ್ಲಿ. ಮಗು ಅಳುತ್ತದೆ, ನೆರೆಹೊರೆಯವರು ಮರುಗುತ್ತಾರೆ, ಪಾದ ಹೇಗೂ ನೇರವಾಗಿ ಕಾಣುತ್ತಿದೆ. ಅಜ್ಜಿ ಬೂಟು ಬಿಚ್ಚಿಡುತ್ತಾಳೆ. ಕೆಲವೇ ತಿಂಗಳಲ್ಲಿ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಆಕೆಯದು ಅಕ್ಕರೆಯೇ ಹೊರತು ಅಪರಾಧವಲ್ಲ. ಆಕೆಗೆ ಆಕೆಯ ಮಾತಿನಲ್ಲಿ ಯಾರೂ ಕಾರಣವನ್ನು ತಿಳಿಸಿರಲಿಲ್ಲ, ಅಷ್ಟೆ.

ಬೆಂಗಳೂರಿಗೂ ಈ ವಿದ್ಯಾದಾನದಲ್ಲಿ ಸಲ್ಲುವ ಭಾಗವುಂಟು. ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ವಿಕಲಾಂಗರ ಸಂಸ್ಥೆ ತನ್ನ ಕಾಲಕ್ಕೆ ಬಹು ಮುಂದಿದ್ದಿತು. 1994ರಲ್ಲಿ ಸ್ಥಾಪಿತವಾದ ಮೊಬಿಲಿಟಿ ಇಂಡಿಯ ಸಂಸ್ಥೆಯು ಕೃತಕ ಅಂಗಗಳ ತಯಾರಿಕೆಯೊಡನೆ, ಪುನಶ್ಚೇತನ ಚಿಕಿತ್ಸಾ ಸಹಾಯಕರಿಗೆ ಅಲ್ಪಾವಧಿಯ ಶಿಕ್ಷಣವನ್ನು ರೂಪಿಸಿತು. ಹೀಗೆ ಕಲಿತವರಲ್ಲಿ ಹಳ್ಳಿಗಳಿಂದ ಬಂದ ವಿಕಲಾಂಗ ಮಹಿಳೆಯರೂ ಇದ್ದಾರೆ. ಏಷ್ಯ, ಆಫ್ರಿಕದ ಇತರ ದೇಶಗಳ ಶಿಕ್ಷಾರ್ಥಿಗಳೂ ಇದ್ದಾರೆ. ಪೋಲಿಯೋದಿಂದ ಕಾಲು ಸೋತ ಹೆಣ್ಣುಮಗಳೊಬ್ಬಳು ಊರುಗೋಲನ್ನು ಗೋಡೆಗೊರಗಿಸಿ ಬೇರೊಂದು ಮಗುವಿಗೆ ನಿಲ್ಲುವುದನ್ನು ಕಲಿಸುವಾಗ, ಆ ಮಗುವಿನ ತಾಯಿಗೆ ಉಂಟಾಗುವ ಭರವಸೆಯನ್ನು ಯಾವ ತಜ್ಞನೂ ತರಲಾರ. ಈ ಸಂಸ್ಥೆಯನ್ನು ಬೆಳೆಸಿದವರಲ್ಲೊಬ್ಬರಾದ ಚಪಲ್ ಖಾಸ್ನಬಿಸ್ ಅವರು ಮುಂದೆ ವಿಶ್ವ ಆರೋಗ್ಯ ಸಂಸ್ಥೆಗೆ ತೆರಳಿ, ಅದು 2010ರಲ್ಲಿ ಹೊರತಂದ ಸಮುದಾಯಾಧಾರಿತ ಪುನಶ್ಚೇತನದ ಮಾರ್ಗದರ್ಶಿಯ ಸಂಪಾದನೆಯಲ್ಲಿ ಪಾಲ್ಗೊಂಡರು. ಇದಲ್ಲದೆ ಡಾ. ಮಾಯಾ ಥಾಮಸ್ ಅವರು 1990ರ ದಶಕದಿಂದ ಬೆಂಗಳೂರಿನಲ್ಲಿ ಸಂಪಾದಿಸುತ್ತಿದ್ದ ಪುನಶ್ಚೇತನ ವಿಷಯದ ವಿದ್ವತ್ಪತ್ರಿಕೆಯೊಂದು ಲೋಕದ ನಾನಾ ಭಾಗಗಳ ಕಾರ್ಯಕರ್ತರಿಗೆ ಉಚಿತವಾಗಿ ಸಲ್ಲುತ್ತಿತ್ತು. ಈ ಸಂಗತಿ ನಗರದವರಿಗೇ ಅಷ್ಟಾಗಿ ಗೊತ್ತಿಲ್ಲ.

ಈ ಧಾರೆಗೆ ಹೊಸ ಕಾಲುವೆ ತೋಡಿದ ಧರ್ಮಸಂಸ್ಥೆಯೇ ಫಿಸಿಯೋಪೀಡಿಯ. ಇಂಗ್ಲೆಂಡಿನ ಭೌತಚಿಕಿತ್ಸಕಿ ರೇಚಲ್ ಲೋ ಅವರ ಯತ್ನದಿಂದ 2008ರಲ್ಲಿ ರೂಪುತಾಳಿದ ಇದು ಅಂತರಜಾಲದಲ್ಲಿರುವ ಒಂದು ವಿಶ್ವಕೋಶ. ಲೋಕದ ನಾನಾ ಕಡೆಗಳ ಭೌತಚಿಕಿತ್ಸಕರೂ ವಿದ್ಯಾರ್ಥಿಗಳೂ ಸ್ವಯಂಸೇವಕರಾಗಿ ಲೇಖನಗಳನ್ನು ಬರೆದು, ಪರಸ್ಪರ ತಿದ್ದಿ, ಬೆಳೆಸುತ್ತಾರೆ; ಓದುವುದಕ್ಕೆ ಯಾರೂ ಕಾಸು ತೆರಬೇಕಾಗಿಲ್ಲ. ಇದರೊಡನೆ ಬೆನ್ನುಹುರಿಯ ಪೆಟ್ಟು, ಕಾಲು ಕಳೆದುಕೊಂಡವರ ಶುಶ್ರೂಷೆ, ಸೆರೆಬ್ರಲ್ ಪಾಲ್ಸಿಯ ಮಕ್ಕಳ ಪಾಲನೆ ಮೊದಲಾದ ವಿಷಯಗಳ ಮೇಲೆ ಕೆಲವು ವಾರಗಳ ಉಚಿತ ಪಾಠಕ್ರಮಗಳನ್ನು ಅದು ನಡೆಸುತ್ತ ಬಂದಿತು. ಸದಸ್ಯಶುಲ್ಕ ತೆತ್ತು ಕಲಿಯುವ ವಿಸ್ತಾರವಾದ ಪಾಠಗಳೂ ಅದರಲ್ಲಿವೆ, ಸಂಸ್ಥೆ ನಡೆಯಬೇಕಲ್ಲ! ಆದರೆ ವಿಶ್ವಕೋಶದ ಬಾಗಿಲು ಮುಚ್ಚಿದ್ದಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ವ್ಯಾಧಿ ಲೋಕವನ್ನೇ ಮನೆಯೊಳಗೆ ಕೂಡಿಹಾಕಿತು. ನಮ್ಮ ದೇಶದಲ್ಲಿ ಆ ತಿಂಗಳ 25ರಿಂದ ಎಲ್ಲವೂ ಸ್ತಬ್ಧವಾಯಿತು. ಭೌತಚಿಕಿತ್ಸೆಗೆ ಇದು ಎರಡು ಬಗೆಯ ಪೆಟ್ಟು. ಒಂದು ಕಡೆ ಸ್ಪರ್ಶವೇ ಸಾಧನವಾದ ವೃತ್ತಿಗೆ ಸ್ಪರ್ಶವೇ ನಿಷಿದ್ಧವಾಗಿ, ಪಾರ್ಶ್ವವಾಯುವಿನವರೂ ಎಳೆಯ ಮಕ್ಕಳೂ ಅಭ್ಯಾಸ ತಪ್ಪಿ ಕುಳಿತರು. ಇನ್ನೊಂದು ಕಡೆ, ಕಾಲುನೋವು ಬೆನ್ನುನೋವುಗಳನ್ನಷ್ಟೇ ನೋಡುತ್ತಿದ್ದ ಚಿಕಿತ್ಸಕರಿಗೆ ತೀವ್ರನಿಗಾ ಘಟಕದಿಂದ ಕರೆ ಬಂದಿತು. ಉಸಿರು ಕಟ್ಟಿದ ರೋಗಿಯನ್ನು ಕೊಳವೆಗಳೊಂದೂ ಕದಲದಂತೆ ಬೋರಲು ಮಲಗಿಸುವುದು ಹೇಗೆ, ಕಫ ಸಡಿಲಿಸುವಾಗ ಸೋಂಕು ಹರಡದಂತೆ ನೋಡಿಕೊಳ್ಳುವುದು ಹೇಗೆ, ವಾರಗಟ್ಟಲೆ ಯಂತ್ರದ ಉಸಿರಾಟದಲ್ಲಿದ್ದು ಸ್ನಾಯುಗಳೆಲ್ಲ ಕರಗಿಹೋದವನನ್ನು ಹಾಸಿಗೆಯ ಅಂಚಿನಲ್ಲಿ ಮೊದಲ ಬಾರಿಗೆ ಕೂರಿಸುವುದು ಯಾವಾಗ? ಇವನ್ನು ಕಾಲೇಜಿನಲ್ಲಿ ಕಲಿತು ಮರೆತವರು ಹಲವರು. ಮತ್ತೆ ಕಲಿಯಲು ಕಾಲೇಜುಗಳೇ ಮುಚ್ಚಿದ್ದವು.

ಆಗ ಫಿಸಿಯೋಪೀಡಿಯವು ಈ ವ್ಯಾಧಿಯ ಸ್ವರೂಪ, ಸೋಂಕಿನ ತಡೆ, ಶ್ವಾಸಕೋಶದ ಭೌತಚಿಕಿತ್ಸೆಗಳನ್ನು ಕುರಿತ ಪಾಠಕ್ರಮವನ್ನು ತ್ವರಿತವಾಗಿ ಸಿದ್ಧಪಡಿಸಿ ಎಲ್ಲ ದೇಶಗಳ ಚಿಕಿತ್ಸಕರಿಗೂ ಉಚಿತವಾಗಿ ತೆರೆಯಿತು. ಅದೇ ವಸಂತದಲ್ಲಿ ಆಸ್ಟ್ರೇಲಿಯದ ತಜ್ಞರ ನೇತೃತ್ವದ ತಂಡವೊಂದು ಆಸ್ಪತ್ರೆಗಳಲ್ಲಿನ ಕೊರೊನಾ ಭೌತಚಿಕಿತ್ಸೆಗೆ ಮಾರ್ಗದರ್ಶಿ ಬರೆದು ಪ್ರಕಟಿಸಿತು. ಅದೂ ಉಚಿತವಾಗಿಯೇ ಸಿಕ್ಕಿ, ಬೇಗನೆ ಹಲವು ಭಾಷೆಗಳಿಗೆ ಅನುವಾದಗೊಂಡಿತು. ಶ್ರೀಮಂತ ದೇಶದ ಆಸ್ಪತ್ರೆಗೂ ಬಡ ದೇಶದ ಆಸ್ಪತ್ರೆಗೂ ಅಗತ್ಯವಾದ ತಿಳಿವಳಿಕೆ ಒಂದೇ ವಾರದಲ್ಲಿ ತಲುಪುವುದು ವೈದ್ಯಕೀಯ ಚರಿತ್ರೆಯಲ್ಲಿ ಸಾಮಾನ್ಯವಲ್ಲ. ವೆಲ್ಲೂರಿನ ವಿದ್ಯೆ ಆಫ್ರಿಕ ತಲುಪಲು ಮನುಷ್ಯರೇ ಹಡಗು ಹತ್ತಬೇಕಾಗಿತ್ತು.

ಆದರೂ ಈ ಕ್ರಮದ ಇತಿಮಿತಿಗಳನ್ನು ಮರೆಯಲಾಗದು. ಪರದೆಯ ಮೇಲೆ ಪಾದವನ್ನು ನೋಡಬಹುದು, ಅದು ಎಲ್ಲಿ ಮಣಿಯುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಬೆರಳ ತುದಿಯೇ ಅರಿಯಬೇಕು. ಗುರುವಿನ ಕೈ ಶಿಷ್ಯನ ಕೈಯ ಮೇಲೆ ಕೂರದೆ ಆ ಅರಿವು ಬರುವುದಿಲ್ಲ. ಎರಡನೆಯ ಮಿತಿ ಇನ್ನೂ ದೊಡ್ಡದು. ಈ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಅವು ಚಿಕಿತ್ಸಕನವರೆಗೆ ಬಂದು ನಿಲ್ಲುತ್ತವೆ; ಬೂಟು ಬಿಚ್ಚಿಡುವ ಅಜ್ಜಿಯವರೆಗೆ ಬರುವುದಿಲ್ಲ. ಭೌತಚಿಕಿತ್ಸೆಯಲ್ಲಿ ಕೊನೆಯ ಚಿಕಿತ್ಸಕಿ ಆಕೆಯೇ ಆದುದರಿಂದ, ಅಲ್ಲಿ ಕಡಿದುಹೋದ ದಾನ ಅರ್ಧ ದಾನವೇ ಸರಿ. ಕನ್ನಡಕ್ಕೆ ಈ ಶಕ್ತಿಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಡಾ. ಅನುಪಮಾ ನಿರಂಜನ ಅವರು ಬಸಿರು, ಬಾಣಂತನ, ಶಿಶುಪಾಲನೆಗಳನ್ನು ಮನೆಮನೆಯ ಹೆಣ್ಣುಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ದಶಕಗಳೇ ಕಳೆದಿವೆ. ಭೌತಚಿಕಿತ್ಸೆಗೆ ಅಂತಹ ಲೇಖನಿ ಇನ್ನೂ ಸಾಲದಾಗಿದೆ.

ಉದಾಹರಣೆಗೆ, ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡು ಬೆರಳು ಬಾಗಿದವರಿಗೆ ಹೇಳಬೇಕಾದ ಸಂಗತಿಯಿಷ್ಟೆ. ದಿನಕ್ಕೊಮ್ಮೆ ಕೈಯನ್ನೂ ಪಾದವನ್ನೂ ತಣ್ಣೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನೆನೆಯಿಡಬೇಕು. ಬಿಸಿನೀರು ಕೂಡದು, ಸುಟ್ಟರೂ ತಿಳಿಯುವುದಿಲ್ಲ. ದಪ್ಪಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲನೆ ಉಜ್ಜಿ, ಒದ್ದೆ ಆರುವ ಮುನ್ನವೇ ಕೊಬ್ಬರಿ ಎಣ್ಣೆ ಸವರಬೇಕು. ಬಾಗಿದ ಬೆರಳುಗಳ ಕೈಯನ್ನು ಅಂಗೈ ಮೇಲಾಗಿ ತೊಡೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಅಂಗೈಯಿಂದ ಬೆರಳ ತುದಿಯವರೆಗೆ ನೀವುತ್ತ ನೇರಗೊಳಿಸಬೇಕು. ಒಂದು ಬಾರಿಗೆ ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಒಲೆಯ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬಾರದು. ಚಪ್ಪಲಿ ಮೆಟ್ಟುವ ಮುನ್ನ ಅದರೊಳಗೆ ಕಲ್ಲು ಮುಳ್ಳು ಇದೆಯೇ ಎಂದು ನೋಡಬೇಕು. ಮಲಗುವ ಮುನ್ನ ಅಂಗೈ ಅಂಗಾಲುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ, ಗಾಯ ಕಂಡರೆ ತೊಳೆದು ಕಟ್ಟಿ, ಆ ಅಂಗಕ್ಕೆ ವಿಶ್ರಾಂತಿ ಕೊಡಬೇಕು. ಹೊಸದಾಗಿ ಬಲ ಕುಂದಿದರೆ ಅಥವಾ ಜೋಮು ಹಿಡಿದರೆ ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆರು ತಿಂಗಳೊಳಗೆ ಚಿಕಿತ್ಸೆ ದೊರೆತರೆ ನರ ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆಯುಂಟು, ಮತ್ತು ಆ ಔಷಧಕ್ಕೆ ಅಲ್ಲಿ ಹಣ ಕೊಡಬೇಕಾಗಿಲ್ಲ.